ಕಿವಿ ಭೀಮಶಿಗೆ ಬರೆದ ಕಾರ್ಡು

ಕಿತ್ತೂರು
೧೦ ಜೂನ್ ೨೦೨೪

ಭೀಮಶಿ ಅವರಿಗೆ,

ಫೋನ್ ಮಾಡಕೂಡದು ಎಂದು ನೀವು ಕಟ್ಟುನಿಟ್ಟಾಗಿ ಹೇಳಿದ್ದರಿಂದ ಈ ಪತ್ರ. ಕೈಯಲ್ಲಿ ಮೊಬೈಲು ಹಿಡಿದುಕೊಂಡು ಅಂಚೆ ಕಚೇರಿಯಲ್ಲಿ ಪಾಕೀಟು ಕೇಳಿದರೆ ಅಲ್ಲಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬರದದ್ದು ಉಳೀತೈತ್ರಿ ಅಕ್ಕಾರ, ಆಡಿದ್ದು ಗಾಳಿಗೆ ಹೋಗತೈತಿ" ಅಂದಿರಿ. ಆಗಲಿ. ಹೋದ ವಾರ ರಾಮದುರ್ಗದ ನಿಮ್ಮ ಅಂಗಡಿಯಲ್ಲಿ ನನಗೆ ಒಂದು ಮಾತನ್ನೂ ಮುಗಿಸಲು ಬಿಡದೆ ನೀವೇ ಮಾತಾಡಿದಿರಿ. ಹಾಗಾಗಿ ಎಲ್ಲವನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಸಿಗುವ ಸೆಟ್ಟಿನಲ್ಲಿ ಒಂದೇ ಆಂಪ್ಲಿಫೈಯರು ಪೆಟ್ಟಿಗೆಯೊಳಗಿನ ದೊಡ್ಡ, ನಡು, ಸಣ್ಣ ಮೂರೂ ಸ್ಪೀಕರುಗಳನ್ನು ಓಡಿಸುತ್ತದೆ. ನನಗೆ ಅದು ಬೇಡ. ಧ್ವನಿಯನ್ನು ಮೊದಲೇ ಮೂರು ಪಾಲು ಮಾಡಬೇಕು. ತಗ್ಗಿನ ಧ್ವನಿಗೆ ಒಂದು ಆಂಪು, ನಡುವಿನದಕ್ಕೆ ಒಂದು, ಮೇಲಿನದಕ್ಕೆ ಒಂದು. ಎರಡು ಪೆಟ್ಟಿಗೆಗೆ ಒಟ್ಟು ಆರು ಆಂಪು. ಪಾಲು ಮಾಡುವ ಬೋರ್ಡನ್ನೂ ಆರೂ ಆಂಪುಗಳನ್ನೂ ನಾನೇ ಬೆಸೆದಿದ್ದೇನೆ. ಕಾಲೇಜಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಭೌತಶಾಸ್ತ್ರ ಹೇಳುತ್ತಿದ್ದೇನೆ, ಅಷ್ಟು ಬರುತ್ತದೆ. ಪೆಟ್ಟಿಗೆ ಕಟ್ಟುವುದು ಮತ್ತು ಮೂರು ಧ್ವನಿಗಳ ಪ್ರಮಾಣ ಕಿವಿಯಿಂದ ಹೊಂದಿಸುವುದು ನಿಮ್ಮ ಕೆಲಸ. ಬೋರ್ಡಿನಲ್ಲಿ ಅದಕ್ಕೆಂದೇ ತಿರುಗಿಸುವ ಮೂರು ಗುಂಡಿ ಇಟ್ಟಿದ್ದೇನೆ.

ನಿಮ್ಮನ್ನೇ ಯಾಕೆ ಹುಡುಕಿಕೊಂಡು ಬಂದೆ ಎಂದು ಕೇಳಿದಿರಿ. ಮೂವತ್ತು ವರ್ಷದ ಹಿಂದೆ ಬೈಲಹೊಂಗಲದಲ್ಲಿ ನನ್ನ ಅಕ್ಕ ಶೈಲಜಾಳ ಮದುವೆಗೆ ಧ್ವನಿವರ್ಧಕ ಹಾಕಿದವರು ನೀವು. ಸೋಬಾನೆ ಹಾಡು ನಡೆದಾಗ ನಡುವೆ ಎದ್ದು, ಬೇವಿನ ಮರ ಹತ್ತಿ, ಅಲ್ಲಿ ಕಟ್ಟಿದ್ದ ಕರ್ಣವನ್ನು, ಆ ಕಹಳೆ ಬಾಯಿಯ ಸ್ಪೀಕರನ್ನು, ನಾಲ್ಕು ಬೆರಳು ಆಚೆ ತಿರುಗಿಸಿದಿರಿ. ಬೇರೆ ಯಾರಿಗೂ ಏನೂ ಗೊತ್ತಾಗಲಿಲ್ಲ. ನನಗೆ ಮಾತ್ರ ಹಾಡುವವರ ಗಂಟಲು ತೆರೆದಂತೆ ಕೇಳಿಸಿತು. ಸೆಟ್ಟು ಮಾಡಿಸಿದರೆ ನಿಮ್ಮಿಂದಲೇ ಎಂದು ಆವತ್ತೇ ನಿಶ್ಚಯಿಸಿದ್ದೆ.

ನನಗೆ ಬೇಕಾದದ್ದು ಇಷ್ಟೆ. ಹಾಡುವವಳು ನನ್ನ ಎದುರು, ಎರಡೂ ಪೆಟ್ಟಿಗೆಗಳ ನಡುವೆ, ಚಾಪೆಯ ಮೇಲೆ ಕೂತು ಹಾಡಿದಂತೆ ಕೇಳಬೇಕು. ನನ್ನ ತಮ್ಮ ಸಂಜು "ಐವತ್ತು ದಾಟಿದಾಕಿಗೆ ಇದೆಂಥಾ ಹುಚ್ಚವಾ?" ಎಂದು ನಗುತ್ತಾನೆ. ನಗಲಿ. ಬೋರ್ಡೂ ಆಂಪುಗಳೂ ಬಸ್ಸಿನ ಪಾರ್ಸಲಿನಲ್ಲಿ ಬರುತ್ತಿವೆ.

ರಾಜೇಶ್ವರಿ

ರಾಮದುರ್ಗ
೨೩ ಜೂನ್ ೨೦೨೪

ಅಕ್ಕಾವರಿಗೆ ನಮಸ್ಕಾರ.

ಬೋರ್ಡು, ಆಂಪುಗಳು ಮುಟ್ಟಿದವು. ನಿಮ್ಮ ಬೆಸುಗೆ ಚೊಕ್ಕವಾಗಿದೆ, ಗಂಡಸರು ನಾಚಬೇಕು. ಒಂದೇ ಎತ್ತಿಗೆ ಗಾಡಿ, ಗಾಣ, ನೇಗಿಲು ಮೂರನ್ನೂ ಕಟ್ಟಿದರೆ ಎತ್ತು ಯಾವುದನ್ನೂ ನೆಟ್ಟಗೆ ಎಳೆಯುವುದಿಲ್ಲ ಎಂದು ನಾನು ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಕೇಳಿದವರು ನೀವೊಬ್ಬರೇ.

ಈ ಊರಲ್ಲಿ ನನ್ನನ್ನು ಕಿವಿ ಭೀಮಶಿ ಎಂದೇ ಕರೆಯುತ್ತಾರೆ. ಸವದತ್ತಿಯಿಂದ, ಮುರಗೋಡದಿಂದ ಜನ ಸೆಟ್ಟು ಹೊತ್ತುಕೊಂಡು ಬಂದು "ನೀವೊಮ್ಮಿ ಕೇಳಿ ಹೇಳ್ರಿ" ಎನ್ನುತ್ತಾರೆ. ನನಗೆ ಹೊಲವಿಲ್ಲ, ಮನೆತನದ ಹೆಸರಿಲ್ಲ. ಇರುವುದು ಈ ಹೆಸರೊಂದೇ. ಅದಕ್ಕೇ ನನ್ನದೊಂದು ಪದ್ಧತಿ ಇದೆ: ಪ್ರಮಾಣ ಹೊಂದಿಸಿದ ಮೇಲೆ ಗುಂಡಿಗೆ ಅರಗು ಹಾಕಿ ಮುಚ್ಚುತ್ತೇನೆ. ಆ ಅರಗನ್ನು ಯಾರೂ ಒಡೆಯಬಾರದು. ಒಡೆದವರ ಮನೆಗೆ ನಾನು ಮತ್ತೆ ಕಾಲಿಡುವುದಿಲ್ಲ.

ಪೆಟ್ಟಿಗೆ ಶ್ರಾವಣದೊಳಗೆ ಆಗುತ್ತವೆ. ಸಣ್ಣ ಸ್ಪೀಕರಿಗೆ ಆಂಪು ನೇರ ಬರುವುದರಿಂದ ಅದನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚಿ, ಎಲ್ಲಕ್ಕಿಂತ ಮೊದಲು ಆರಿಸಿ. ಇಲ್ಲವಾದರೆ ಒಂದೇ ಏಟಿಗೆ ಸುಡುತ್ತದೆ. ನೆನಪಿಡಿ. ಫೋನ್ ಬೇಡ.

ಭೀಮಶಿ

ಕಿತ್ತೂರು
೩ ಸೆಪ್ಟೆಂಬರ್ ೨೦೨೪

ಭೀಮಶಿ ಅವರಿಗೆ,

ಪೆಟ್ಟಿಗೆಗಳು ಬೋರ್ಡು, ಆಂಪುಗಳ ಸಮೇತ ಟೆಂಪೋದಲ್ಲಿ ಗಾಯವಿಲ್ಲದೆ ಬಂದವು. ಮರದ ಕೆಲಸ ನೋಡಿ ಅವ್ವ ಅವುಗಳ ಮೇಲೆ ಅರಿಷಿಣ ಕುಂಕುಮ ಇಟ್ಟಳು. ಸುಳ್ಳು ಹೇಳುವುದಿಲ್ಲ, ನನಗೂ ಕಣ್ಣು ತುಂಬಿದವು.

ಆದರೆ ಹಚ್ಚಿದ ಮೇಲೆ ಕಣ್ಣಲ್ಲ, ಕಿವಿ ತುಂಬಿತು. ಮೇಲಿನ ಧ್ವನಿ ಸೂಜಿಯಂತೆ ಚುಚ್ಚುತ್ತದೆ. ತಾಳ ಬಡಿದರೆ ಹಲ್ಲು ಜುಮ್ಮೆನ್ನುತ್ತವೆ. ಹಾಡುವವಳ ಬಾಯಿಂದ 'ಸ' ಬಂದಾಗಲೆಲ್ಲ ಕುಕ್ಕರು ಸೀಟಿ ಹೊಡೆದಂತೆ. ಅವ್ವ ಹತ್ತು ನಿಮಿಷಕ್ಕೆ ಎದ್ದು ಹಿತ್ತಲಿಗೆ ಹೋದಳು. ಇನ್ನೊಂದು, ಹಾಡುವವಳು ನಡುವೆ ನಿಲ್ಲುತ್ತಿಲ್ಲ. ಎರಡೂ ಗೋಡೆಗಳಿಗೆ ಹರಡಿ ಹೋಗಿದ್ದಾಳೆ, ಎಲ್ಲಿದ್ದಾಳೆ ಎಂದು ಬೆರಳು ಮಾಡಿ ತೋರಿಸಲಾಗುವುದಿಲ್ಲ.

ಎರಡು ವಾರದಿಂದ ದಿನಾ ಸಂಜೆ ಕೂತು ಕೇಳಿ, ನನ್ನದೇ ತಪ್ಪಿರಬಹುದೆಂದು ತಾಳಿಕೊಂಡಿದ್ದೆ. ಇನ್ನು ಆಗುವುದಿಲ್ಲ. ಇದು ಕಿವಿ ಭೀಮಶಿ ಹೊಂದಿಸಿದ ಸೆಟ್ಟೇ ಎಂದು ಕೇಳಬೇಕಾಗಿದೆ.

ರಾಜೇಶ್ವರಿ

ರಾಮದುರ್ಗ
೧೨ ಸೆಪ್ಟೆಂಬರ್ ೨೦೨೪

ಅಕ್ಕಾವರಿಗೆ,

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪೆಟ್ಟಿಗೆ ನನ್ನ ಅಂಗಡಿಯಿಂದ ಹೊರಟಾಗ ಧ್ವನಿ ಹಾಲಿನಂತಿತ್ತು. ನಿಮ್ಮ ಮನೆ ಕಲ್ಲಿನದು, ಬರಿ ಗೋಡೆ, ಬರಿ ನೆಲ. ಧ್ವನಿ ಬಡಿದು ಬಡಿದು ವಾಪಸು ಬರುತ್ತದೆ. ದಪ್ಪ ಜಮಖಾನೆ ಹಾಸಿ, ಹಿಂದಿನ ಗೋಡೆಗೆ ಎರಡು ಕೌದಿ ತೂಗುಹಾಕಿ. ಹೆದ್ದಾರಿಯ ಲಾರಿಗಳ ಸದ್ದು ಕೇಳಿ ಕೇಳಿ ನಿಮ್ಮ ಕಿವಿಯೂ ಬಿರುಸಾಗಿರಬೇಕು.

ಹಾಡುವವಳು ನಡುವೆ ನಿಲ್ಲುವುದಿಲ್ಲ ಎಂದಿರಲ್ಲ, ಅದಕ್ಕೆ ಕಾರಣ ನಾನು ಇಲ್ಲಿಂದಲೇ ಹೇಳುತ್ತೇನೆ. ಒಂದು ಪೆಟ್ಟಿಗೆಯ ನಡು ಸ್ಪೀಕರಿನ ತಂತಿಯನ್ನು ನೀವು ಅದಲುಬದಲು ಹಚ್ಚಿದ್ದೀರಿ. ಒಂದರೊಳಗಿನ ಅದುರುವ ಕಾಗದದ ಹಾಳೆ ಹೊರಗೆ ಬಂದಾಗ ಇನ್ನೊಂದರದು ಒಳಗೆ ಹೋಗುತ್ತದೆ. ಗಂಡ ಏರಿಗೆ, ಹೆಂಡತಿ ನೀರಿಗೆ. ಆಂಪಿನಿಂದ ತಂತಿ ಬಿಚ್ಚಿ, ಆ ತುದಿಗೆ ಟಾರ್ಚಿನ ಒಂದು ಸೆಲ್ಲು ಮುಟ್ಟಿಸಿ. ಕೆಂಪಿಗೆ ಮೇಲ್ತುದಿ, ಕಪ್ಪಿಗೆ ತಳ. ಎರಡೂ ಕಡೆ ಹಾಳೆ ಹೊರಗೇ ಬರಬೇಕು. ಇಷ್ಟು ಮಾಡಿ ಆಮೇಲೆ ನನ್ನ ಕಿವಿಯ ಮಾತು ಎತ್ತಿ.

ಭೀಮಶಿ

ಕಿತ್ತೂರು
೨೦ ಸೆಪ್ಟೆಂಬರ್ ೨೦೨೪

ಭೀಮಶಿ ಅವರಿಗೆ,

ಜಮಖಾನೆ ಹಾಸಿದೆ. ಕೌದಿ ತೂಗುಹಾಕಿದೆ. ನನ್ನ ಕೋಣೆ ಬಾಣಂತಿಯ ಕೋಣೆಯಂತಾಗಿದೆ. ಧ್ವನಿ ಮಾತ್ರ ಹಾಗೇ ಚುಚ್ಚುತ್ತದೆ.

ತಂತಿಯ ವಿಷಯ: ಪ್ರತಿ ವರ್ಷ ನೂರಿಪ್ಪತ್ತು ಮಕ್ಕಳಿಗೆ ಧನ ಋಣ ಕಲಿಸುವವಳು ನಾನು. ಕೆಂಪು ಯಾವುದು ಕಪ್ಪು ಯಾವುದು ಎಂದು ನನಗೆ ಟಾರ್ಚಿನ ಸೆಲ್ಲಿನಿಂದ ಪಾಠ ಹೇಳುತ್ತೀರಾ? ನಾನು ಆ ತಂತಿ ಮುಟ್ಟುವುದೂ ಇಲ್ಲ, ನೋಡುವುದೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಬೇರೆಯವರ ಹತ್ತಿರ ಇಟ್ಟುಕೊಳ್ಳಿ.

ನೀವೇ ಒಮ್ಮೆ ಬಂದು ಕೇಳಿ. ಬರಲಾಗದಿದ್ದರೆ ಅರಗು ಒಡೆದು ಮೇಲಿನ ಗುಂಡಿ ನಾನೇ ತಿರುಗಿಸುತ್ತೇನೆ. ಹದಿನೈದು ದಿನ ಕಾಯುತ್ತೇನೆ.

ರಾಜೇಶ್ವರಿ

ರಾಮದುರ್ಗ
೨೮ ಸೆಪ್ಟೆಂಬರ್ ೨೦೨೪

ಅಕ್ಕಾವರಿಗೆ,

ಬರುವುದಿಲ್ಲ. ಒಮ್ಮೆ ಹೊಂದಿಸಿದ್ದನ್ನು ಎರಡನೆಯ ಸಲ ಕೇಳಲು ಹೋಗುವುದು ನನ್ನ ಪದ್ಧತಿಯಲ್ಲ. ಅರಗು ಒಡೆದರೆ ನಿಮಗೂ ನನಗೂ ಸಂಬಂಧವಿಲ್ಲ.

ಭೀಮಶಿ

ಕಿತ್ತೂರು
೫ ಅಕ್ಟೋಬರ್ ೨೦೨೪

ಅರಗು ಒಡೆದೆ. ಮೈಕು ಇಟ್ಟು ಅಳೆದೆ. ಮೇಲಿನ ಧ್ವನಿ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಇದೆ. ಕಿವಿ ಇದ್ದ ಯಾವ ಮನುಷ್ಯನೂ ಗುಂಡಿಯನ್ನು ಅಲ್ಲಿ ನಿಲ್ಲಿಸಲಾರ. ಫೋನ್ ಯಾಕೆ ಬೇಡ, ಅಂಗಡಿಯಲ್ಲಿ ನನ್ನನ್ನು ಯಾಕೆ ಮಾತಾಡಗೊಡಲಿಲ್ಲ, ಈಗ ಯಾಕೆ ಬರುವುದಿಲ್ಲ, ಎಲ್ಲ ತಿಳಿಯಿತು. ನಿಮಗೆ ಕೇಳುವುದಿಲ್ಲ. ನೀವು ಕಿವುಡರು, ಭೀಮಶಿ. ಕಿವಿಯ ಹೆಸರು ಹೇಳಿ ಜನರ ಕಣ್ಣಿಗೆ ಮಣ್ಣೆರಚುವುದನ್ನು ಇನ್ನಾದರೂ ಬಿಡಿ. ಪಾಕೀಟು ತರಲು ಹೋಗುವಷ್ಟು ತಾಳ್ಮೆ ನನಗಿಲ್ಲ. ಕೈಗೆ ಸಿಕ್ಕ ಕಾರ್ಡಿನ ಮೇಲೆ ಬರೆದು ಹಾಕುತ್ತಿದ್ದೇನೆ.

ರಾಜೇಶ್ವರಿ

ರಾಮದುರ್ಗ
೧೯ ಅಕ್ಟೋಬರ್ ೨೦೨೪

ರಾಜೇಶ್ವರಿ ಅವರಿಗೆ,

ಇನ್ನು ಅಕ್ಕಾವರೇ ಎನ್ನುವುದಿಲ್ಲ.

ನಿಮ್ಮ ಕಾರ್ಡು ನನ್ನ ಕೈಗೆ ಬರುವ ಮೊದಲು ಯಾರ್‍ಯಾರ ಕೈ ದಾಟಿ ಬಂತು ಗೊತ್ತೇ? ನಮ್ಮ ಕಡೆ ಟಪಾಲು ಹಂಚುವ ಶಟ್ಟೆಪ್ಪನಿಗೆ ಕಾರ್ಡು ಓದದೆ ಕೊಟ್ಟು ಗೊತ್ತಿಲ್ಲ. ವರ್ಷಕ್ಕೊಂದು ಬರುವ ಕಾರ್ಡು ಓದುವುದು ಅವನಿಗೆ ಹಬ್ಬ. ಆವತ್ತು ಸಂತೆ. ಚಹಾದಂಗಡಿಯಲ್ಲಿ ನಿಂತು ಗಟ್ಟಿಯಾಗಿ ಓದಿದನಂತೆ. ನಾನು ಮೂರು ಮಾರು ದೂರ ನನ್ನ ಅಂಗಡಿಯಲ್ಲೇ ಕೂತಿದ್ದೆ. ನನಗೆ ಕೇಳಲಿಲ್ಲ. ಜನ ನಗುತ್ತಿದ್ದದ್ದು ಮಾತ್ರ ಕಂಡಿತು. ಯಾಕೆ ನಗುತ್ತಾರೋ ಎಂದು ನಾನೂ ನಕ್ಕೆ. ಆ ನಗು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ.

ಹೌದು, ಕೇಳುವುದಿಲ್ಲ. ಮೂರು ವರ್ಷವಾಯಿತು. ಮೊದಲು ಗುಬ್ಬಿಗಳು ಹೋದವು, ಆಮೇಲೆ ಕುಕ್ಕರಿನ ಸೀಟಿ ಹೋಯಿತು. ಜನ ತುಟಿ ಆಡಿಸುವುದು ಕಾಣುತ್ತದೆ, ಮಾತು ಅರ್ಧ ಬರುತ್ತದೆ. ನಲವತ್ತು ವರ್ಷ ಕರ್ಣಗಳ ಬಾಯಿಗೆ ತಲೆ ಕೊಟ್ಟವನಿಗೆ ಮತ್ತೇನಾಗುತ್ತದೆ? ಆದರೂ ಈ ಮೂರು ವರ್ಷ ನಾನು ಮಾಡಿಕೊಟ್ಟ ಒಂದು ಸೆಟ್ಟೂ ತಪ್ಪಾಗಿಲ್ಲ. ಒಂದೇ ಆಂಪಿನ ಪೆಟ್ಟಿಗೆಗೆ ಯಾವ ಕಂಡೆನ್ಸರು, ಯಾವ ರೆಸಿಸ್ಟರು ಎಂದು ಕೈಗೇ ಗೊತ್ತಿದೆ, ಕಿವಿ ಬೇಕಿಲ್ಲ. ನಿಮ್ಮ ಆರು ಆಂಪಿನ ಸೆಟ್ಟಿನಲ್ಲಿ ಅವು ಯಾವುವೂ ಇರಲಿಲ್ಲ. ಬರಿ ಗುಂಡಿ ಇದ್ದವು. ನನಗೆ ಬರುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಗುಂಡಿ ತಿರುಗಿಸುತ್ತ ಹೋದೆ, ಏನೋ ಸಣ್ಣಗೆ ಕೇಳಿದಂತಾದಾಗ ನಿಲ್ಲಿಸಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಆದರೆ ಒಂದು ಪಾಕೀಟು ಸಿಗಲಿಲ್ಲವೇ ನಿಮಗೆ? ಮುರಗೋಡದವರೊಬ್ಬರು ಮಂಗಲ ಕಾರ್ಯಾಲಯಕ್ಕೆ ಎಂಟು ಪೆಟ್ಟಿಗೆ ಹೇಳಿದ್ದರು. ಮೊನ್ನೆ ಬಂದು ಬೇಡವೆಂದು ಹೋದರು. ಮುಖ ನೋಡಿ ಹೇಳುವ ಧೈರ್ಯ ಅವರಿಗಿರಲಿಲ್ಲ, ನನ್ನ ಹೆಂಡತಿ ಸತ್ಯವ್ವನ ಹತ್ತಿರ ಹೇಳಿ ಹೋದರು. ಓಣಿಯ ಮಕ್ಕಳು ಅಂಗಡಿಯ ಮುಂದೆ ನಿಂತು ಸದ್ದಿಲ್ಲದೆ ಬಾಯಿ ಆಡಿಸಿ ಓಡುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀವು ಕಲಿತವರು, ನಿಮಗೆ ಇದನ್ನು ನಾನು ಹೇಳಬೇಕೇ?

ಇನ್ನು ಬರೆಯಬೇಡಿ.

ಭೀಮಶಿ

ಕಿತ್ತೂರು
೨೬ ಅಕ್ಟೋಬರ್ ೨೦೨೪

ಭೀಮಶಿ ಅವರಿಗೆ,

ಬರೆಯಬೇಡಿ ಎಂದರೂ ಬರೆಯುತ್ತಿದ್ದೇನೆ. ಕಾರ್ಡು ಹಾಕಿದ್ದು ತಪ್ಪು. ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದರ ಮೇಲೆ ಬರೆದೆ. ಈ ಕಾಲದಲ್ಲಿ ಕಾರ್ಡು ಓದುವವರು ಇನ್ನೂ ಇದ್ದಾರೆಂದು ಅನ್ನಿಸಲಿಲ್ಲ. ಬೇಕಾದರೆ ಇನ್ನೊಂದು ಕಾರ್ಡು ಬರೆಯುತ್ತೇನೆ, ಶಟ್ಟೆಪ್ಪ ಓದಲಿ. ಭೀಮಶಿಯ ಕಿವಿ ಸರಿಯಾಗಿದೆ, ನಾನೇ ತಪ್ಪು ತಿಳಿದೆ ಎಂದು ಬರೆಯುತ್ತೇನೆ.

ಆದರೆ ನನಗೂ ಸಿಟ್ಟಿದೆ. ಮೊದಲೇ ಹೇಳಿದ್ದರೆ ನಾನು ನಿಮ್ಮ ಎದುರು ಕೂತು ಕೇಳಿ ಹೇಳುತ್ತಿದ್ದೆ. ನೀವು ನನ್ನ ಕಿವಿಯನ್ನೇ ಬಿರುಸು ಎಂದಿರಿ. ತಪ್ಪಿದ್ದವರು ನೀವು, ಕೌದಿ ಹೊದ್ದವಳು ನಾನು. ಇಲ್ಲದ ತಪ್ಪನ್ನು ತಂತಿಯ ಮೇಲೆ ಹೊರಿಸಿದಿರಿ. ಅದನ್ನೂ ನೆನಪಿಡಿ.

ರಾಜೇಶ್ವರಿ

ಕಿತ್ತೂರು
೨೭ ನವೆಂಬರ್ ೨೦೨೪

ಭೀಮಶಿ ಅವರಿಗೆ,

ಒಂದು ತಿಂಗಳಾಯಿತು, ನಿಮ್ಮಿಂದ ಪತ್ರವಿಲ್ಲ. ನಾನು ಮೇಲಿನ ಗುಂಡಿ ಇಳಿಸಿಕೊಂಡೆ. ಚುಚ್ಚುವುದು ಕಡಿಮೆಯಾಯಿತು. ಆದರೂ ಹಾಡುವವಳು ನಡುವೆ ಬಂದು ಕೂರಲಿಲ್ಲ. ನನ್ನ ಬೋರ್ಡು, ನನ್ನ ಲೆಕ್ಕ, ನನ್ನ ಮೈಕು, ಎಲ್ಲ ಸರಿ ಇದ್ದೂ ಯಾಕೆ ಹೀಗೆ ಎಂದು ದಿನಾ ಗೊಣಗುತ್ತಿದ್ದೆ. ಮೊನ್ನೆ ನನ್ನ ಅವ್ವ ಸಾವಿತ್ರೆವ್ವ ಅಕ್ಕಿ ಆರಿಸುತ್ತ ಕೂತವಳು ಮುಖ ಎತ್ತದೆ ಹೇಳಿದಳು: "ಅಂವಾ ಒಂದ ಸೆಲ್ಲ ಹಚ್ಚಿ ನೋಡ ಅಂದಿದ್ದನಲ್ಲ, ನೋಡಾಕ ನಿನ್ನ ಗಂಟೇನ ಹೋಗತೈತಿ? ಅವಂಗ ಕಿವಿ ಇಲ್ಲ ಅಂದ್ರ ಬುದ್ಧೀನೂ ಇಲ್ಲಂತೇನ?"

ನೋಡಿದೆ. ಎಡ ಪೆಟ್ಟಿಗೆಯ ಹಾಳೆ ಹೊರಗೆ ಬಂತು. ಬಲದ್ದು ಒಳಗೆ ಹೋಯಿತು. ಮೂರು ಸಲ ಮುಟ್ಟಿಸಿದೆ, ಮೂರು ಸಲವೂ ಒಳಗೇ. ಪೆಟ್ಟಿಗೆ ಬಂದ ದಿನ ನಾನೇ ಬೆಸೆದ ತುದಿ, ಕೆಂಪಿನ ಜಾಗದಲ್ಲಿ ಕಪ್ಪು.

ಧ್ವನಿ ಕೇಳದೆ, ಮನೆ ನೋಡದೆ, ನನ್ನ ಎರಡು ಸಾಲು ಓದಿ ನೀವು ಹೇಳಿದ್ದು ಅಕ್ಷರಶಃ ನಿಜ. ಎರಡು ಕಿವಿ, ಒಂದು ಮೈಕು, ಇಪ್ಪತ್ತನಾಲ್ಕು ವರ್ಷದ ಪಾಠ ಇಟ್ಟುಕೊಂಡು ನಾನು ಎರಡು ತಿಂಗಳು ನೋಡಲಿಲ್ಲ. ನಿಮಗೆ ಗುಂಡಿಯ ವಿಷಯದಲ್ಲಿ ಬಾಯಿ ಬರಲಿಲ್ಲ, ನನಗೆ ತಂತಿಯ ವಿಷಯದಲ್ಲಿ ಕೈ ಬರಲಿಲ್ಲ. ವ್ಯತ್ಯಾಸ ಒಂದೇ. ನಿಮ್ಮ ತಪ್ಪು ನನ್ನ ಕೋಣೆಯಲ್ಲಿ ಉಳಿಯಿತು, ನನ್ನದು ನಿಮ್ಮ ಊರಿಗೆಲ್ಲ ಹಂಚಿಹೋಯಿತು. ನನಗೆ ನನ್ನ ಮೇಲೇ ಹೇಸಿಕೆಯಾಗುತ್ತಿದೆ. ಏನು ಮಾಡಬೇಕು ಹೇಳಿ. ರಾಮದುರ್ಗಕ್ಕೆ ಬಂದು ಸಂತೆಯಲ್ಲಿ ನಿಂತು ಹೇಳು ಎಂದರೆ ಹೇಳುತ್ತೇನೆ.

ತಂತಿ ಇನ್ನೂ ಸರಿ ಮಾಡಿಲ್ಲ. ನೀವು ಬಂದು ಸರಿ ಮಾಡಬೇಕೆಂದು ಹಾಗೇ ಬಿಟ್ಟಿದ್ದೇನೆ.

ರಾಜೇಶ್ವರಿ

ರಾಮದುರ್ಗ
೯ ಡಿಸೆಂಬರ್ ೨೦೨೪

ರಾಜೇಶ್ವರಿ ಅವರಿಗೆ,

ಸಂತೆಯಲ್ಲಿ ನಿಲ್ಲುವುದೂ ಬೇಡ, ಇನ್ನೊಂದು ಕಾರ್ಡೂ ಬೇಡ. ಕಿವಿ ಸರಿಯಿದೆ ಎಂದು ನೀವು ಬರೆದರೆ ಮಕ್ಕಳು ಬಂದು ಬಾಯಿ ಆಡಿಸಿ ಪರೀಕ್ಷೆ ಮಾಡುತ್ತಾರೆ. ಸುಳ್ಳಿನ ಮೇಲೆ ಸುಳ್ಳು ಹೊದಿಸಿ ನನ್ನನ್ನು ಇನ್ನಷ್ಟು ಕುಣಿಸಬೇಡಿ.

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಹಾಳೆ ಒಳಗೆ ಹೋಯಿತು ಎಂಬಲ್ಲಿ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಸಂತೋಷವಾಯಿತು. ಸತ್ಯವ್ವನಿಗೂ ಓದಿ ಹೇಳಿದೆ.

೨೨ನೇ ತಾರೀಖು ಭಾನುವಾರ ಬರುತ್ತೇನೆ. ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ. ಅರಗು ಒಡೆದವರ ಮನೆಗೆ ಕಾಲಿಡುವುದಿಲ್ಲ ಎಂದಿದ್ದೆ, ಆದರೆ ಕೆಲಸ ಅರ್ಧಕ್ಕೆ ಬಿಟ್ಟೂ ನನಗೆ ಗೊತ್ತಿಲ್ಲ, ಅದಕ್ಕೆ ಬರುತ್ತೇನೆ. ನನ್ನ ಷರತ್ತುಗಳು ಇವು. ಮಾತಾಡುವಾಗ ನನ್ನ ಮುಖ ನೋಡಿ ಮಾತಾಡಬೇಕು, ಕೂಗಬಾರದು. ನಾನು ಗುಂಡಿ ತಿರುಗಿಸುತ್ತೇನೆ, ನೀವು ಕೇಳಿ ಹೇಳಬೇಕು. ಚುಚ್ಚಿದರೆ ಚುಚ್ಚುತ್ತದೆ ಎನ್ನಬೇಕು, ಐವತ್ತು ಸಲವಾದರೂ ಎನ್ನಬೇಕು. ಪಾಪ ಮುದುಕ ದಣಿದ ಎಂದು ಒಂದು ಸಲ "ಸಾಕು, ಚೆನ್ನಾಗಿದೆ" ಎಂದರೆ ಎದ್ದು ಹೋಗುತ್ತೇನೆ. ನನಗೆ ತಿಳಿಯುವುದಿಲ್ಲ ಎಂದುಕೊಳ್ಳಬೇಡಿ. ಕಿವಿ ಹೋದ ಮೇಲೆ ಮುಖ ಓದುವುದು ಕಲಿತಿದ್ದೇನೆ.

ಭೀಮಶಿ

ಕಿತ್ತೂರು
೨೬ ಡಿಸೆಂಬರ್ ೨೦೨೪

ಭೀಮಶಿ ಅವರಿಗೆ,

ನಾಲ್ಕು ದಿನ ತಡೆದು ಬರೆಯುತ್ತಿದ್ದೇನೆ. ಇಲ್ಲವಾದರೆ ಬೈಗುಳ ಬರೆಯುತ್ತಿದ್ದೆ.

ನೀವು ಹೇಳಿದ ಒಂದು ಷರತ್ತನ್ನೂ ನಾನು ಮೀರಲಿಲ್ಲ. ತಂತಿ ಸರಿ ಮಾಡಿದಿರಿ. ಎರಡೂ ಹಾಳೆಗಳ ಮೇಲೆ ಬೆರಳ ತುದಿ ಇಟ್ಟು "ಈಗ ಇಬ್ಬರೂ ಒಂದ ಹೆಜ್ಜಿ ಹಾಕಾಕಹತ್ಯಾರ" ಎಂದಿರಿ. ಆಮೇಲೆ ಗುಂಡಿ. ನೀವು ಕೂದಲೆಳೆಯಷ್ಟು ತಿರುಗಿಸಿ ನನ್ನ ಮುಖ ನೋಡುತ್ತಿದ್ದಿರಿ.

"ಚುಚ್ಚತೈತ್ರಿ" ಎಂದೆ.

"ಇನ್ನೂ?"

"ಇನ್ನೂ."

"ಈಗ?"

"ಈಗ ಭಾಳ ಸಪ್ಪಗಾತ್ರಿ. ತಾಳದ ಸದ್ದ ಸತ್ತೈತಿ."

"ಸತ್ತೈತಿ ಅಂದ್ರ ಹೆಂಗ ಸತ್ತೈತಿ? ನೆಟ್ಟಗ ಹೇಳ್ರಿ! ಕಂಚಿಂದೋ, ತಗಡಿಂದೋ?"

"ತಗಡಿಂದ."

"ಹಂಗ ಹೇಳ್ರಿ ಮತ್ತ, ಸಾಲಿ ಕಲಿಸಾವ್ರು ನೀವು!"

ಮೂರು ತಾಸು ಇದೇ ಆಯಿತು. ಎರಡು ಸಲ ನೀವು ನನ್ನನ್ನು ಬೈದಿರಿ, ಒಂದು ಸಲ ನಾನು ನಿಮ್ಮನ್ನು ಬೈದೆ. ಅವ್ವ ಒಳಗಿನಿಂದ "ಯಾರರೆ ಸತ್ತಾರೇನವಾ?" ಎಂದು ಕೇಳಿದಳು. ಕಡೆಗೆ ಒಂದು ಜಾಗದಲ್ಲಿ ಹಾಡುವವಳು ಬಂದಳು. ಎರಡೂ ಪೆಟ್ಟಿಗೆಗಳು ಇಲ್ಲವೇ ಇಲ್ಲ ಎಂಬಂತೆ ನಡುವೆ, ಚಾಪೆಯ ಮೇಲೆ, ನನ್ನೆದುರು. "ಬಂದಳು" ಎಂದೆ. ನೀವು ಅರಗು ಕರಗಿಸಿ ಗುಂಡಿ ಮುಚ್ಚಿದಿರಿ.

ಆಮೇಲೆ ಏನಾಯಿತು? ನಾನು ಒಂದು ಹಾಡು ಪೂರ್ತಿ ಕೇಳಿ ಕಣ್ಣು ತೆರೆಯುವಷ್ಟರಲ್ಲಿ ನೀವು ಚೀಲ ಹೆಗಲಿಗೆ ಹಾಕಿ ಬಾಗಿಲಲ್ಲಿದ್ದಿರಿ. ಅವ್ವ ಚಹಾದ ಬಟ್ಟಲು ಹಿಡಿದು ನಿಂತೇ ಇದ್ದಳು. "ಬಸ್ಸಿಗೆ ಹೊತ್ತಾತು" ಎಂದಿರಿ. ಬಸ್ಸಿಗೆ ಇನ್ನೂ ಒಂದು ತಾಸಿತ್ತು. ನನ್ನ ಮುಖ ಕೂಡ ನೋಡಲಿಲ್ಲ.

ನನ್ನ ಕಾರ್ಡನ್ನು ನೀವು ಮರೆತಿಲ್ಲ ಎಂದು ಗೊತ್ತು, ಮರೆಯಿರಿ ಎಂದು ಕೇಳುವ ಮುಖವೂ ನನಗಿಲ್ಲ. ಆದರೆ ಎಪ್ಪತ್ತೆಂಟು ವರ್ಷದ ಅವ್ವ ಮಾಡಿದ ಚಹಾಕ್ಕೆ ಬೆನ್ನು ತಿರುಗಿಸಬೇಕಿತ್ತೇ? ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಬಾರದಿತ್ತೇ? ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

ರಾಜೇಶ್ವರಿ

ರಾಮದುರ್ಗ
೨೦ ಜನವರಿ ೨೦೨೫

ಅಕ್ಕಾವರಿಗೆ,

ನಿಮ್ಮ ಅವ್ವನವರ ಕಾಲಿಗೆ ಬಿದ್ದು ಕೇಳಿಕೊಂಡೆ ಎಂದು ಹೇಳಿ. ಅವರ ಚಹಾಕ್ಕೆ ನಾನು ಬೆನ್ನು ತಿರುಗಿಸಲಿಲ್ಲ.

ಕಾರ್ಡಿನ ಸಿಟ್ಟು ಇದೆ, ಆದರೆ ಎದ್ದು ಹೋದದ್ದು ಅದಕ್ಕಲ್ಲ. ಅರಗು ಹಾಕಿದ ಮೇಲೆ ನೀವು ಹಾಡು ಹಚ್ಚಿ ಕಣ್ಣು ಮುಚ್ಚಿದಿರಿ. ನಿಮ್ಮ ಕಣ್ಣಿಂದ ನೀರು ಇಳಿಯಿತು. ನಾನು ಅದೇ ಚಾಪೆಯನ್ನು ನೋಡುತ್ತ ಕೂತಿದ್ದೆ. ನನಗೆ ಅಲ್ಲಿ ಯಾರೂ ಬರಲಿಲ್ಲ. ಗೋಡೆಯಾಚೆ ಯಾರೋ ಗುನುಗಿದಷ್ಟೇ ಕೇಳಿತು. ನನ್ನ ಜೀವಮಾನದಲ್ಲಿ ಮಾಡಿದ ಎಲ್ಲಕ್ಕಿಂತ ಒಳ್ಳೆಯ ಸೆಟ್ಟು ಅದು. ಅದನ್ನು ನೀವು ಕೇಳಿದಿರಿ, ನಾನು ಕೇಳಲಿಲ್ಲ. ಹೊಟ್ಟೆ ಉರಿಯಿತು ಅಕ್ಕಾವರೇ. ಆರೂ ಆಂಪಿನ ತಂತಿ ಕಿತ್ತು ಒಗೆಯಬೇಕು, ನಿಮಗೂ ಕೇಳದಂತೆ ಮಾಡಬೇಕು ಎನ್ನಿಸಿತು. ಇನ್ನೊಂದು ಗಳಿಗೆ ಕೂತಿದ್ದರೆ ಮಾಡಿಯೇ ಬಿಡುತ್ತಿದ್ದೆನೇನೋ. ಅದಕ್ಕೆ ಎದ್ದು ಹೋದೆ. ಸವದತ್ತಿ ಮುಟ್ಟುವವರೆಗೆ ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂತಿದ್ದೆ.

ಮರುದಿನ ಅಂಗಡಿಯ ಮೇಲೆ ನಾನೇ ಹಲಗೆ ಬರೆದು ತೂಗುಹಾಕಿದೆ. "ಇಲ್ಲಿ ಸ್ಪೀಕರ್ ಪೆಟ್ಟಿಗೆ ಮಾಡಿಕೊಡಲಾಗುವುದು. ಮಾಡುವವನಿಗೆ ಮೇಲಿನ ಧ್ವನಿ ಕೇಳುವುದಿಲ್ಲ. ಕೇಳುವವರನ್ನು ಜೊತೆಗೆ ಕರೆತರಬೇಕು." ಸತ್ಯವ್ವ ಅತ್ತಳು. "ಮಾನಾ ಹೋದದ್ದ ಸಾಲದೇನ್ರಿ, ಹಲಗಿ ಮ್ಯಾಲೆ ಬ್ಯಾರೆ ಬರೀತೀರಿ?" ಎಂದಳು. ಊರಿಗೆ ಗೊತ್ತಿದ್ದದ್ದನ್ನೇ ಬರೆದಿದ್ದೇನೆ, ನನ್ನ ಕೈಯಿಂದ ಬರೆದಿದ್ದೇನೆ, ಅಷ್ಟೆ ಎಂದೆ. ಹತ್ತು ದಿನ ಜನ ಓದಿ ನಕ್ಕು ಹೋದರು. ಮಕ್ಕಳು ಮಾತ್ರ ಬಾಯಿ ಆಡಿಸುವುದನ್ನು ಬಿಟ್ಟರು. ಆಟ ಸಪ್ಪಗಾಯಿತೇನೋ.

ಹನ್ನೊಂದನೆಯ ದಿನ ದೊಡವಾಡದಿಂದ ಉಳವಪ್ಪ ಎಂಬವರು ತಮ್ಮ ಸೆಟ್ಟು ಹೊತ್ತುಕೊಂಡು, ಹೆಂಡತಿ ದೇವಕ್ಕನನ್ನು ಕರೆದುಕೊಂಡು ಬಂದರು. "ಇಕಿನ್ನ ಇಟಗೋರಿ, ಅಡಿಗಿಮನ್ಯಾಗ ಕುಂತ ಹೊಲದಾಗ ನಾ ಬೈದದ್ದ ಕೇಳತಾಳ" ಎಂದರು. ಆಕೆ ಸ್ಟೂಲಿನ ಮೇಲೆ ಕೂತು ಎರಡು ತಾಸು ನನ್ನನ್ನು ಗುಲಾಮನಂತೆ ದುಡಿಸಿಕೊಂಡಳು. ಗುಂಡಿ ಸರಿಯಾದ ಜಾಗದಲ್ಲಿ ನಿಂತಾಗ ಆಕೆಯ ಮುಖ ಸಡಿಲಾದದ್ದು ನನಗೆ ಕಂಡಿತು. ಅರಗು ಹಾಕಿದೆ.

ನನ್ನ ಸಿಟ್ಟು ಇಳಿದಿಲ್ಲ. ನಿಮ್ಮ ಮೇಲೂ ಇದೆ, ನನ್ನ ಕಿವಿಯ ಮೇಲೂ ಇದೆ. ಏನು ಮಾಡಬೇಕು ಹೇಳಿ ಎಂದು ಕೇಳಿದ್ದಿರಲ್ಲ, ಈಗ ಹೇಳುತ್ತೇನೆ. ಒಂದು ಹಾಡು ಹಚ್ಚಿ ಕೂತು, ಅದರಲ್ಲಿ ಏನೇನು ಕೇಳಿಸುತ್ತದೆ ಎಂಬುದನ್ನು ನನಗೆ ಬರೆಯಿರಿ. ಹಾಡುವವಳು ಎಲ್ಲಿ ಕೂತಿದ್ದಾಳೆ, ಯಾವ ಸಾಲಿನಲ್ಲಿ ಉಸಿರು ಎಳೆಯುತ್ತಾಳೆ, ಆ ಉಸಿರು ಒಣಗಿದೆಯೋ ಹಸಿಯಾಗಿದೆಯೋ. ತಾಳ ಕಂಚಿನದೋ ತಗಡಿನದೋ, ಬಡಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ. ಪಕ್ಕದಲ್ಲಿ ಯಾರಾದರೂ ಬಳೆ ಸರಿಸಿದರೇ. ಒಂದನ್ನೂ ಬಿಡದೆ ಬರೆಯಿರಿ, ನಾನು ಓದುತ್ತೇನೆ. ಚೆನ್ನಾಗಿದೆ ಎಂದು ಮಾತ್ರ ಬರೆಯಬೇಡಿ. ಆ ಮಾತು ನನಗೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಭೀಮಶಿ